ಸುಲೋಚನಾ ಕೇಸಿನ ಕತ್ತರಿಸಿದ ಪುಟ

ನಮ್ಮ ಪಕ್ಕದ ಮನೆಯ ಚೈತ್ರಾ ಗ್ರೇಟರ್ ನೋಯ್ಡಾದ ಒಂದು ಲಾ ಕಾಲೇಜಿನ ಲೈಬ್ರರಿಗೆ ಕೆಲಸಕ್ಕೆ ಸೇರಿದ್ದಾಳೆ. ಹೆಣ್ಣು, ಗಂಡು, ಕಾನೂನು ಎಂಬ ವಿಷಯದ ಪುಸ್ತಕಗಳನ್ನೆಲ್ಲ ಅವಳಿಗೆ ವಹಿಸಿದ್ದಾರೆ. "ಗಂಗಜ್ಜಿ, ನೀವೂ ಅದೇ ಕೆಲಸ ಮಾಡ್ತಿದ್ರಲ್ಲ, ಏನಿರುತ್ತೆ ಹೇಳಿ" ಎಂದಳು. ಬಾಯಲ್ಲಿ ಹೇಳಲು ಕೂತರೆ ನಡುವೆ ಅವಳ ಫೋನು ಬಾಯಿ ಹಾಕುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ತಿದ್ದಿಕೊಂಡು ಓದಿ, ಹೇಳಲು ಮನೆಗೆ ಬರಬೇಡಿ.

ಅದೇ ಕೆಲಸ ಎಂದು ಅವಳು ಹೇಳಿದ್ದು ಸರಿಯಲ್ಲ. ಅವಳು ಲೈಬ್ರರಿಯನ್. ನಾನು ಅಟೆಂಡೆಂಟ್. ಲೈಬ್ರರಿಯನ್ ಪುಸ್ತಕದ ನಂಬರು ಹೇಳುತ್ತಾರೆ, ಅಟೆಂಡೆಂಟ್ ಹೋಗಿ ತರುತ್ತಾರೆ. ಓದಿದವರು ಮೇಜಿನ ಮೇಲೆ ಬಿಟ್ಟು ಹೋದದ್ದನ್ನು ಮತ್ತೆ ಅದರ ಜಾಗದಲ್ಲಿ ಇಡುತ್ತಾರೆ. ಧೂಳು ಹೊಡೆಯುವುದು, ಹರಿದದ್ದಕ್ಕೆ ಅಂಟು ಹಾಕುವುದು, ಫೋಟೊಕಾಪಿ ಮಷಿನ್ನಿನ ಹೊಟ್ಟೆಯಿಂದ ಸಿಕ್ಕಿಕೊಂಡ ಕಾಗದ ಎಳೆಯುವುದು, ಇವೂ ಅಟೆಂಡೆಂಟ್ ಕೆಲಸವೇ. ಬಡ್ತಿ ವಿಷಯ ಬರೆಯುವುದಿಲ್ಲ. ಬರೆಯುವಂಥದ್ದು ಏನೂ ಆಗಲಿಲ್ಲ.

ನನ್ನ ಗಂಡ ಒಂದು ಮಂತ್ರಾಲಯದಲ್ಲಿ ಪ್ಯೂನ್ ಆಗಿದ್ದರು. ದೆಹಲಿಯ ಸರೋಜಿನಿ ನಗರದ ಕ್ವಾರ್ಟರ್ಸ್‌ನಲ್ಲಿದ್ದೆವು. ಅವರು ಹೋದ ಮೇಲೆ ಅನುಕಂಪದ ನೌಕರಿ ಎಂದು ನನಗೆ ಲೋಧಿ ಕಾಲೋನಿ ಹತ್ತಿರದ ಒಂದು ಕಾನೂನು ಲೈಬ್ರರಿಯಲ್ಲಿ ಕೆಲಸ ಕೊಟ್ಟರು. ಮೊದಲ ದಿನ ಹಿರಿಯ ಲೈಬ್ರರಿಯನ್ ಮಲ್ಹೋತ್ರಾ ಮೇಡಂ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಂಗ್ಲಿಷ್ ಬರುತ್ತಾ?" ಎಂದರು.

"ಅಕ್ಷರ ಬರುತ್ತೆ ಮೇಡಂ. ಅರ್ಥ ಬರಲ್ಲ."

"ಅಚ್ಛಾ ಹೈ. ಅರ್ಥ ಬರೋರು ಶೆಲ್ಫಿನ ಹತ್ತಿರಾನೇ ನಿಂತು ಓದೋಕೆ ಶುರು ಮಾಡ್ತಾರೆ. ನೀನು ಓಡಾಡು."

ಅವರು ಒಳ್ಳೆಯವರೆಂದು ಹೇಳಲಾರೆ. ಬೆರಳಿನಿಂದ ಪುಸ್ತಕದ ಮೇಲಂಚು ಒರೆಸಿ, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿಯುತ್ತಿದ್ದರು. ಆದರೆ ಕೆಲಸ ಕಲಿಸಿದವರು ಅವರೇ.

ಅವರು ಮೊದಲು ಕಲಿಸಿದ್ದು ಹೆಂಗಸರ ಕಾನೂನು ಹೆಂಗಸರು ಎಂಬ ಬೋರ್ಡಿನ ಕೆಳಗೆ ಇರುವುದಿಲ್ಲ ಎಂಬುದನ್ನು. ಜೀವನಾಂಶ ಒಂದು ಕಡೆ. ವರದಕ್ಷಿಣೆ ಸಾವು ಕ್ರಿಮಿನಲ್ ಕಡೆ. ವಿಚ್ಛೇದನ ಇನ್ನೊಂದು ಕೋಣೆಯಲ್ಲಿ, ಅದೂ ಧರ್ಮಕ್ಕೊಂದು ರ‍್ಯಾಕು. ಫ್ಯಾಕ್ಟರಿ ಹೆಂಗಸರ ಹೆರಿಗೆ ರಜೆ ಕಾರ್ಮಿಕರ ಪುಸ್ತಕಗಳ ಜೊತೆ. ಹೆಣ್ಣುಮಕ್ಕಳ ಆಸ್ತಿ ಮೇಲಿನ ಮಹಡಿಯಲ್ಲಿ. "ಔರತ್ ಪೂರಾ ಲೈಬ್ರರಿಯಲ್ಲಿ ಚೂರುಚೂರಾಗಿ ಬಿದ್ದಿದ್ದಾಳೆ, ಗಂಗಾ. ಓದೋಕೆ ಬಂದವರಿಗೆ ಒಟ್ಟು ಮಾಡಿ ಕೊಡಬೇಕು" ಎಂದು ಮೇಡಂ ಹೇಳುತ್ತಿದ್ದರು. ಒಬ್ಬ ಓದುಗಿ ಬಂದರೆ ನಾನು ಇಡೀ ಕಟ್ಟಡ ಒಂದು ಸುತ್ತು ಹೊಡೆಯಬೇಕಿತ್ತು. ನನ್ನ ಮೊಣಕಾಲು ಹೋಗಿದ್ದು ಹೀಗೆ.

ಇನ್ನೊಂದು ತೊಂದರೆ ಮಾತಿನದು. ಈಗಿನ ಹುಡುಗಿಯರು ಹೊಸ ಮಾತು ಹಿಡಿದುಕೊಂಡು ಬರುತ್ತಾರೆ: ಜೆಂಡರ್, ಲೈಂಗಿಕ ಕಿರುಕುಳ. ಹಳೆಯ ಪುಸ್ತಕಗಳಿಗೆ ಈ ಮಾತು ಗೊತ್ತಿಲ್ಲ. ಅಲ್ಲಿ ಹೆಣ್ಣಿನ ಮರ್ಯಾದೆಗೆ ಧಕ್ಕೆ ಎಂದಿರುತ್ತದೆ. ಒಬ್ಬ ಹುಡುಗ ಕಿರುಕುಳ ಎಂಬ ಮಾತು ಹುಡುಕಿ, ಸಿಗದೆ, ಹಿಂದಿನ ಕಾಲದಲ್ಲಿ ದೆಹಲಿಯ ಆಫೀಸುಗಳಲ್ಲಿ ಇಂಥದ್ದು ನಡೆಯುತ್ತಲೇ ಇರಲಿಲ್ಲ ಎಂದು ಬರೆದುಕೊಂಡು ಹೋಗುವುದರಲ್ಲಿದ್ದ. ಮೇಡಂ ಅವನ ಹಾಳೆ ನೋಡಿ, "ಬೇಟಾ, ನಾನೇ ಆಫೀಸಿನಲ್ಲಿ ಇದ್ದವಳು. ಕೂತ್ಕೋ" ಎಂದರು. ಅವನು ಕೂತ. ಸಂಜೆವರೆಗೂ ಕೂತ. ಕಂಪ್ಯೂಟರಿಗೂ ಇದೇ ಮಾತು ಅನ್ವಯಿಸುತ್ತದೆ. ಇವತ್ತಿನ ಮಾತು ಹಾಕಿದರೆ ಅದು ಇವತ್ತಿನದನ್ನೇ ಕೊಡುತ್ತದೆ. ಈಗ ಹೊಸ ಸಂಹಿತೆ ಬಂದು ಕಲಮುಗಳ ನಂಬರೂ ಬದಲಾಗಿದೆಯಂತೆ. ಹಳೆ ಕೇಸು ಬೇಕಿದ್ದರೆ ಹಳೆ ನಂಬರನ್ನೂ ಹಾಕಿ ನೋಡಬೇಕು. ಚೈತ್ರಾ, ಇದನ್ನು ಬರೆದಿಟ್ಟುಕೋ.

ಮಹಿಳಾ ಸಂಘಟನೆಗಳವರು ಹಂಚಿದ ಕರಪತ್ರ, ತೆಳ್ಳನೆಯ ವರದಿ, ಮೆರವಣಿಗೆಯ ಚೀಟಿ ಇವಕ್ಕೆ ಬೆನ್ನಿರುವುದಿಲ್ಲ, ಶೆಲ್ಫಿನಲ್ಲಿ ನಿಲ್ಲುವುದಿಲ್ಲ. ಅವನ್ನು ತುಂಬಿಡಲು ಸರೋಜಿನಿ ಮಾರ್ಕೆಟ್ಟಿನ ಚಪ್ಪಲಿ ಅಂಗಡಿಗಳಿಂದ ಖಾಲಿ ಡಬ್ಬ ಕೇಳಿ ತರುತ್ತಿದ್ದೆ. ಮೇಡಂ ನಿವೃತ್ತರಾದ ಮೇಲೆ ಬಂದ ಹೊಸ ಸಾಹೇಬರು ಅವನ್ನು ನೋಡಿ, "ಇದು ಲೈಬ್ರರಿಯೋ ಬಾಟಾ ಗೋದಾಮೋ? ರದ್ದಿಗೆ ಹಾಕಿ" ಎಂದರು. ಅಸಿಸ್ಟೆಂಟ್ ಲೈಬ್ರರಿಯನ್ ತ್ರಿಪಾಠಿಯವರು ಹೂಂ ಎಂದು ತಲೆಯಾಡಿಸಿ, ಮಧ್ಯಾಹ್ನ ಊಟದ ಹೊತ್ತಿಗೆ ಪ್ರತಿ ಡಬ್ಬದ ಮೇಲೂ ದಪ್ಪ ಅಕ್ಷರದಲ್ಲಿ ಆಡಿಟ್ ಎಂದು ಬರೆದರು. ಸರ್ಕಾರಿ ಕಚೇರಿಯಲ್ಲಿ ಆ ಮಾತು ಬರೆದ ಡಬ್ಬವನ್ನು ಎತ್ತಿ ಎಸೆಯುವ ಧೈರ್ಯ ಯಾರಿಗಿದೆ? ಸಾಹೇಬರು ವರ್ಗವಾಗಿ ಹೋದರು, ಡಬ್ಬಗಳು ಅಲ್ಲೇ ಇವೆ. ಚೆನ್ನೈನಿಂದ ಒಬ್ಬ ಪ್ರೊಫೆಸರಮ್ಮ ಬಂದು ವಾರಗಟ್ಟಲೆ ಬರೀ ಅವನ್ನೇ ಓದಿದರು. ಇಂಟರ್‌ನೆಟ್ಟಿನಲ್ಲಿ ಇದೊಂದೂ ಇಲ್ಲ ಎಂದರು. ಇರುವುದು ಹೇಗೆ, ಹಾಕಿದವರು ಯಾರು?

ನಮ್ಮ ದೊಡ್ಡ ಪೀಡೆ ಧೂಳಲ್ಲ, ಗೆದ್ದಲಲ್ಲ, ಬ್ಲೇಡು. ತೀರ್ಪುಗಳನ್ನು ಅಚ್ಚು ಹಾಕುವ ದಪ್ಪ ಸಂಪುಟಗಳಿರುತ್ತವೆ. ಅವಕ್ಕೆ ರಿಪೋರ್ಟರ್ ಎನ್ನುತ್ತಾರೆ. ಫೋಟೊಕಾಪಿಯ ಸಾಲು ಉದ್ದವಿದ್ದರೆ ಓದುವವರು ಬೇಕಾದ ಪುಟವನ್ನೇ ಬ್ಲೇಡಿನಿಂದ ಕೊಯ್ದು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕಾನೂನು ಓದುವವರು! ಒಬ್ಬನನ್ನು ನಾನೇ ಹಿಡಿದೆ. ಕೈಯಲ್ಲಿ ಬ್ಲೇಡು ಇತ್ತು, "ಮಾತಾಜಿ, ಪೆನ್ಸಿಲ್ ಚೂಪು ಮಾಡ್ತಿದ್ದೆ" ಎಂದ. "ಪೆನ್ಸಿಲ್ ಎಲ್ಲಿ?" ಎಂದೆ. ಆಗ ಪೆನ್ಸಿಲ್ ಹುಡುಕಲು ಶುರು ಮಾಡಿದ. ಈಗ ಅವನು ವಕೀಲನಾಗಿರಬೇಕು. ಒಳ್ಳೆ ವಕೀಲನೇ ಆಗಿರುತ್ತಾನೆ.

ಇನ್ನು ಲೈಬ್ರರಿಯವರ ಒಂದು ರೂಢಿ ಹೇಳಬೇಕು. ಕೇಸಿಗೆ ನಂಬರಿದ್ದರೂ ಯಾರೂ ನಂಬರು ಹೇಳುವುದಿಲ್ಲ. ಕೋರ್ಟಿಗೆ ಹೋದವರ ಹೆಸರೇ ಕೇಸಿನ ಹೆಸರು. ಜೀವನಾಂಶ, ವಿಚ್ಛೇದನದ ಕೇಸುಗಳಲ್ಲಿ ಹೋದವಳು ಹೆಂಗಸಾದ್ದರಿಂದ ಹೆಂಗಸಿನ ಹೆಸರೇ ಉಳಿಯುತ್ತದೆ. ಬೆಳಗಾದರೆ ಕೌಂಟರಿನಲ್ಲಿ ಇದೇ: "ಶಕುಂತಲಾ ಯಾರ ಹತ್ತಿರ ಇದೆ?" "ಪುಷ್ಪಾ ಬೈಂಡಿಂಗ್‌ಗೆ ಹೋಗಿದೆ." "ಸುಲೋಚನಾ ಎರಡು ಕಾಪಿ." ಹೊಸದರಲ್ಲಿ ನನಗೆ ನಗು ಬರುತ್ತಿತ್ತು. ಆಮೇಲೆ ನಾನೂ ಹಾಗೇ ಹೇಳತೊಡಗಿದೆ. ಸುಲೋಚನಾ ಎಂದರೆ ಎರಡನೇ ಸಾಲಿನ ಕೆಳಗಿನ ಶೆಲ್ಫಿನ ಹಸಿರು ರಟ್ಟಿನ ಸಂಪುಟ. ಅದು ಜೀವನಾಂಶದ ಕೇಸು, ಹೈಕೋರ್ಟಿನದು, ಅಷ್ಟು ಗೊತ್ತಿತ್ತು. ಮನುಷ್ಯಳು ಎಂದು ಯೋಚಿಸಿರಲಿಲ್ಲ.

ನಾನು ನಿವೃತ್ತಳಾಗುವ ಹಿಂದಿನ ವರ್ಷ, ಒಂದು ಶುಕ್ರವಾರ ಬೆಳಿಗ್ಗೆ, ಕಾಟನ್ ಸೀರೆ ಉಟ್ಟ, ನನಗಿಂತ ಸ್ವಲ್ಪ ಚಿಕ್ಕ ವಯಸ್ಸಿನ ಹೆಂಗಸೊಬ್ಬಳು ಕೌಂಟರಿಗೆ ಬಂದಳು. ತ್ರಿಪಾಠಿಯವರು ಕಂಪ್ಯೂಟರಿನಲ್ಲಿ ಮುಖ ಹೂತುಕೊಂಡಿದ್ದರು.

"ಸುಲೋಚನಾ" ಎಂದಳು ಅವಳು.

"ಎರಡನೇ ಸಾಲು, ಕೆಳಗೆ. ಕಾಪಿ ಬೇಕಾದರೆ ಆ ಕಡೆ ಚೀಟಿ ಕೊಡಿ" ಎಂದರು ತ್ರಿಪಾಠಿ, ತಲೆ ಎತ್ತದೆ.

"ಭಾಯಿಸಾಬ್, ಅದು ನನ್ನ ಹೆಸರು."

ತ್ರಿಪಾಠಿಯವರು ಎದ್ದು ನಿಂತರು. ಸಾಹೇಬರು ಬಂದರೂ ಅವರು ಅರ್ಧವೇ ಏಳುತ್ತಿದ್ದದ್ದು. ಅವಳ ಹಿಂದಿಯಲ್ಲಿ ನಮ್ಮ ಕಡೆಯ ರಾಗ ಇತ್ತು. ನಾನು ಕನ್ನಡದಲ್ಲಿ, "ಯಾವೂರು ತಾಯಿ?" ಎಂದೆ. ಅವಳು ನನ್ನ ಕೈ ಹಿಡಿದುಕೊಂಡಳು. ಹಿಡಿದವಳು ಬಿಡಲೇ ಇಲ್ಲ, ನಾನೇ ಬಿಡಿಸಿಕೊಂಡು ಕುರ್ಚಿ ಎಳೆದೆ.

ಅವಳ ವಿಷಯ ಇಷ್ಟು. ಊರು ದಾವಣಗೆರೆ. ಗಂಡ ಇಲ್ಲೇ ಒಂದು ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತನಾಗಿದ್ದ. ಕೈಗೂಸಿನ ಜೊತೆ ಅವಳನ್ನು ಬಿಟ್ಟ. ಜೀವನಾಂಶ ಕೇಳಿದರೆ ಅವಳಿಗೆ ಬೇರೆ ಗಂಡಸಿನ ಸಂಬಂಧ ಇದೆ ಎಂದ. ಕೆಳಗಿನ ಕೋರ್ಟು ಅವನ ಮಾತು ನಂಬಿತು. ಹೈಕೋರ್ಟು ನಂಬಲಿಲ್ಲ, ಜೀವನಾಂಶ ಕೊಡು ಎಂದಿತು. ಅದೆಲ್ಲ ಮುಗಿದು ಎಷ್ಟೋ ಕಾಲವಾಗಿದೆ. ಈಗ ಅವಳು ಗ್ರೇಟರ್ ನೋಯ್ಡಾದ ಒಂದು ಅಪಾರ್ಟ್‌ಮೆಂಟಿನಲ್ಲಿ ಮಗನ ಫ್ಲ್ಯಾಟಿನಲ್ಲಿದ್ದಾಳೆ. ಮಗನಿಗೆ ಪುಣೆಯಲ್ಲಿ ಕೆಲಸ. ಇವಳು ಆ ಫ್ಲ್ಯಾಟಿನಲ್ಲಿ ಕೆಲಸಕ್ಕೆ ಹೋಗುವ ಜೋಡಿಗಳ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುತ್ತಾಳೆ.

ಮೇಲಿನ ಮಹಡಿಯ ಒಬ್ಬನಿಗೆ ಮಕ್ಕಳ ಗಲಾಟೆ ಆಗುವುದಿಲ್ಲ. ಅವನು ಇವಳ ಹೆಸರನ್ನೂ ಇವಳ ಮಗನ ಹೆಸರಿನ ಜೊತೆಗಿದ್ದ ಅಪ್ಪನ ಹೆಸರನ್ನೂ ಇಂಟರ್‌ನೆಟ್ಟಿನಲ್ಲಿ ಹಾಕಿ ಹುಡುಕಿದ್ದಾನೆ. ಸಿಕ್ಕಿದ ತುಣುಕಿನ ಫೋಟೊ ತೆಗೆದು ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿಗೆ ಹಾಕಿದ್ದಾನೆ. ಹೆಂಡತಿ ಪರಪುರುಷನ ಜೊತೆ ಬದುಕುತ್ತಿದ್ದಾಳೆ ಎಂದು ಇಂಗ್ಲಿಷಿನಲ್ಲಿತ್ತು ಆ ಸಾಲು. ಕೆಳಗೆ ಅವನದೊಂದು ಪ್ರಶ್ನೆ: ನಮ್ಮ ಮಕ್ಕಳನ್ನು ಎಂಥವರ ಕೈಗೆ ಕೊಡುತ್ತಿದ್ದೇವೆ?

"ಮಾರನೇ ದಿನ ಒಂದು ಮಗೂನೂ ಬರಲಿಲ್ಲ ಗಂಗಕ್ಕ" ಎಂದಳು ಸುಲೋಚನಾ. "ಭಾನುವಾರ ಮೀಟಿಂಗು. ಇವಳು ಮನೇಲಿ ಮಕ್ಕಳನ್ನ ಇಟ್ಕೋಬಹುದೋ ಬೇಡವೋ ಅಂತ. ಕೋರ್ಟು ನಾನು ಅಂಥವಳಲ್ಲ ಅಂತ ಹೇಳಿತ್ತು. ಅದು ಯಾವ ಕಾಗದದಲ್ಲಿದೆ? ನನ್ನ ಹತ್ರ ಇದ್ದದ್ದು ಮನೆ ಬದಲಾಯಿಸೋವಾಗ ಎಲ್ಲೋ ಹೋಯ್ತು. ವಕೀಲರು ತೀರಿಕೊಂಡಿದ್ದಾರೆ."

ತ್ರಿಪಾಠಿಯವರು ಮೊದಲು ಕಂಪ್ಯೂಟರಿನಲ್ಲಿ ತೆಗೆದರು. ಪುಕ್ಕಟೆ ಸೈಟಿನಲ್ಲಿ ಶುರುವಿನ ಭಾಗ ಮಾತ್ರ ಇತ್ತು. ಪೂರ್ತಿ ಬೇಕಾದರೆ ಚಂದಾ. ನಮ್ಮ ಲೈಬ್ರರಿಯ ಚಂದಾ ಆ ವರ್ಷ ಮುಗಿದುಹೋಗಿ, ಹೊಸದಕ್ಕೆ ಮೇಲಿನವರ ಸಹಿ ಆಗಿರಲಿಲ್ಲ. ಸರ್ಕಾರದ ಸೈಟಿನಲ್ಲಿ ಅಷ್ಟು ಹಳೆಯದು ಇರಲಿಲ್ಲ. ಪರಿಚಯದ ವಕೀಲರೊಬ್ಬರಿಗೆ ಫೋನು ಮಾಡಿದರು. "ಅಷ್ಟೇ ತಾನೇ, ಸಂಜೆಯೊಳಗೆ ಕಳಿಸ್ತೀನಿ ತ್ರಿಪಾಠಿಜಿ" ಎಂದರಂತೆ ಅವರು. ಆ ಸಂಜೆ ಇವತ್ತಿಗೂ ಆಗಿಲ್ಲ.

ತೀರ್ಪು ಬರೆಯುವ ಪದ್ಧತಿಯನ್ನು ತ್ರಿಪಾಠಿ ಅವಳಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ನಾನೂ ಆಗಲೇ ಸರಿಯಾಗಿ ತಿಳಿದುಕೊಂಡದ್ದು. ಜಡ್ಜು ಮೊದಲು ತಮ್ಮ ಮಾತು ಬರೆಯುವುದಿಲ್ಲ. ಗಂಡ ಏನೆಂದ, ಹೆಂಡತಿ ಏನೆಂದಳು, ಕೆಳಗಿನ ಕೋರ್ಟು ಏನೆಂದಿತು, ಎಲ್ಲ ಬರೆದು, ಕೊನೆಗೆ ತಾವು ಹೇಳುವುದು ಬರೆಯುತ್ತಾರೆ. ಆ ಮೇಲಿನ ಮಹಡಿಯವನು ತೆಗೆದದ್ದು ಗಂಡ ಹೇಳಿದ ಸಾಲು. ಅದು ಕೋರ್ಟಿನ ಕಾಗದದಲ್ಲಿದೆ ನಿಜ, ಕೋರ್ಟಿನ ಮಾತಲ್ಲ. ಪಿಎಚ್‌ಡಿ ಮಾಡುವವರೂ ಇಲ್ಲಿ ಎಡವುತ್ತಾರಂತೆ.

"ಇಲ್ಲಿ ಬರೋರೆಲ್ಲ ನನ್ನ ಹೆಸರು ಹೇಳ್ತಾರಾ?" ಎಂದು ಸುಲೋಚನಾ ನನ್ನನ್ನು ಕೇಳಿದಳು.

"ಹೇಳ್ತಾರೆ. ಅಲ್ಲೊಂದು ಇಲ್ಲೊಂದು ಆರೋಪ ಹೇಳಿದ್ರೆ ಸಾಲದು ಅಂತ ನಿನ್ನ ಕೇಸಲ್ಲಿ ಇದೆಯಂತೆ. ಬೇರೆ ಹೆಂಗಸರ ವಕೀಲರು ಅದನ್ನ ತೋರಿಸಿ ಜೀವನಾಂಶ ಕೊಡಿಸ್ತಾರೆ."

"ನನ್ನನ್ನ ಒಂದು ಮಾತು ಕೇಳಿದ್ರಾ ಯಾರಾದ್ರೂ?"

"ಇಲ್ಲ."

"ಹೋಗಲಿ ಬಿಡಿ. ಪುಸ್ತಕ ತನ್ನಿ."

ಹಸಿರು ಸಂಪುಟ ತಂದೆ. ತ್ರಿಪಾಠಿಯವರು ಪುಟ ತಿರುಗಿಸಿದರು, ನಿಲ್ಲಿಸಿದರು, ಹಿಂದಕ್ಕೆ ತಿರುಗಿಸಿದರು. ಗಂಡನ ಮಾತು ಇತ್ತು, ಕೆಳಗಿನ ಕೋರ್ಟಿನದು ಇತ್ತು. ಹೈಕೋರ್ಟು ಮಾತಾಡಲು ಶುರು ಮಾಡುವ ಹಾಳೆ ಇರಲಿಲ್ಲ. ಯಾರೋ ಇತ್ತೀಚೆಗಷ್ಟೇ ಹೊಲಿಗೆಯ ಹತ್ತಿರ ನೀಟಾಗಿ ಕೊಯ್ದಿದ್ದರು. ಎಲ್ಲರಿಗೂ ಬೇಕಾದ ಹಾಳೆ ಅದೇ ಆಗಿದ್ದರಿಂದ ಹೋಗಿದ್ದೂ ಅದೇ. ನಾನು ಬೈದ ಬೈಗುಳ ಇಲ್ಲಿ ಬರೆಯುವುದಿಲ್ಲ. ಸುಲೋಚನಾಗೆ ಅರ್ಥವಾಯಿತು, ತ್ರಿಪಾಠಿಗೆ ಆಗಲಿಲ್ಲ, ಅಷ್ಟು ಸಾಕು.

ಮಧ್ಯಾಹ್ನ ತ್ರಿಪಾಠಿಯವರು ಇನ್ನೆರಡು ಲೈಬ್ರರಿಗಳಿಗೆ ಫೋನು ಮಾಡಿ ಅದೇ ಸಂಪುಟ ತೆಗೆಸಿ ನೋಡಲು ಹೇಳಿದರು. ಒಂದು ಕಡೆ ಗೆದ್ದಲಿನ ಔಷಧಿ ಹೊಡೆದು ಬಾಗಿಲು ಹಾಕಿದ್ದರು. ಇನ್ನೊಂದು ಕಡೆಯವರು ನೋಡಿ ಬಂದು ಹೇಳಿದರು: ಆ ಹಾಳೆ ಇಲ್ಲ, ಬ್ಲೇಡು ಬಿದ್ದಿದೆ. ತ್ರಿಪಾಠಿ ಫೋನಿಟ್ಟು, "ಗಂಗಾಜಿ, ದೆಹಲಿಯ ವಕೀಲರೆಲ್ಲ ಒಂದೇ ಹಾಳೆ ತಿಂದು ಬದುಕಿದ್ದಾರೆ" ಎಂದರು.

ಸುಲೋಚನಾ ಅಳಲಿಲ್ಲ. ಚೀಲದಿಂದ ಡಬ್ಬಿ ತೆಗೆದು, "ಅವಲಕ್ಕಿ ಇದೆ, ತಿನ್ನಿ" ಎಂದು ನಮಗೂ ಕೊಟ್ಟಳು. ಮಕ್ಕಳಿಗೆಂದು ಒಗ್ಗರಣೆಗೆ ಮೆಣಸಿನಕಾಯಿ ಹಾಕದೆ ಮಾಡುವ ಅಭ್ಯಾಸವಾಗಿಬಿಟ್ಟಿತ್ತು ಅವಳಿಗೆ. ಸಪ್ಪೆ ಇತ್ತು.

ತಿನ್ನುತ್ತಾ ತಿನ್ನುತ್ತಾ ತ್ರಿಪಾಠಿಯವರಿಗೆ ದಾರಿ ಹೊಳೆಯಿತು. ಒಂದೇ ತೀರ್ಪನ್ನು ಒಬ್ಬರೇ ಅಚ್ಚು ಹಾಕುವುದಿಲ್ಲ. ಬೇರೆ ಬೇರೆ ಪ್ರಕಾಶಕರ ರಿಪೋರ್ಟರುಗಳಲ್ಲಿ ಅದೇ ತೀರ್ಪು ಬೇರೆ ಬೇರೆ ಪುಟದಲ್ಲಿರುತ್ತದೆ. ಯಾವುದು ಎಲ್ಲಿದೆ ಎಂದು ತಾಳೆ ಹಾಕಿ ತೋರಿಸುವ ಪಟ್ಟಿಯ ಪುಸ್ತಕಗಳೂ ಇರುತ್ತವೆ. ಕಂಪ್ಯೂಟರು ಬಂದ ಮೇಲೆ ಅವನ್ನು ಯಾರೂ ಮುಟ್ಟುತ್ತಿರಲಿಲ್ಲ. ಮೇಲಿನ ಶೆಲ್ಫಿನಿಂದ ನಾನು ಇಳಿಸಿದೆ, ಅವರು ಸೀನುತ್ತಾ ಹುಡುಕಿದರು. ಈಗ ನಿಂತುಹೋಗಿರುವ ಒಂದು ಸಣ್ಣ ರಿಪೋರ್ಟರಿನಲ್ಲೂ ಸುಲೋಚನಾ ಅಚ್ಚಾಗಿತ್ತು. ಬಡಪಾಯಿ ಪತ್ರಿಕೆ, ಯಾವ ವಕೀಲರೂ ಅದನ್ನು ಕೋರ್ಟಿನಲ್ಲಿ ಹೇಳುತ್ತಿರಲಿಲ್ಲವಂತೆ. "ಹೇಳದೇ ಇದ್ದದ್ದೇ ಒಳ್ಳೇದಾಯ್ತು, ಹಾಗಿದ್ರೆ ಕೊಯ್ದಿರಲ್ಲ" ಎಂದಳು ಸುಲೋಚನಾ. ಅದು ಊರಿನ ಉತ್ತರದ ಕಡೆಯ ಒಂದು ಹಳೆಯ ಕಾಲೇಜಿನ ಲೈಬ್ರರಿಯಲ್ಲಿ ಇದೆ ಎಂದು ತಿಳಿಯಿತು.

ಶನಿವಾರ ಮೂವರೂ ಮೆಟ್ರೋ ಹಿಡಿದು ಹೋದೆವು. ಅಲ್ಲಿನ ಅಟೆಂಡೆಂಟ್ ಬಾಗಿಲಲ್ಲೇ ಕೂತಿದ್ದ. "ಕಾರ್ಡ್ ಇಲ್ಲದೆ ಒಳಗೆ ಬಿಡಲ್ಲ. ಸಾಹೇಬರು ರಜೆ. ಸೋಮವಾರ ಬನ್ನಿ" ಎಂದ. ತ್ರಿಪಾಠಿಯವರು ತಮ್ಮ ಗುರುತಿನ ಚೀಟಿ ತೋರಿಸಿದರು, ನಿಯಮ ಹೇಳಿದರು, ಅವನೂ ನಿಯಮ ಹೇಳಿದ. ಇಬ್ಬರೂ ಸರ್ಕಾರಿ ಹಿಂದಿಗೆ ಇಳಿದರು. ಅದು ಮುಗಿಯುವ ಮಾತಲ್ಲ ಎಂದು ನಾನು ಅವನ ಪಕ್ಕದ ಸ್ಟೂಲಿನಲ್ಲಿ ಕೂತೆ.

"ಭಯ್ಯಾ, ಹಳೆ ರಿಪೋರ್ಟರ್ ಎಲ್ಲ ಕೆಳಗಿನ ಕೋಣೇಲಿ ಇದೆಯಾ?"

"ಹೂಂ. ಬೇಸ್‌ಮೆಂಟು."

"ಮೆಟ್ಟಿಲು ಇಳಿಯೋದು ನೀನೇನಾ? ನನಗೂ ಹಾಗೇ. ಎಡ ಮೊಣಕಾಲು ಪೂರ್ತಿ ಹೋಗಿದೆ."

"ನನ್ನದು ಬಲ" ಎಂದ. ಸ್ವಲ್ಪ ಹೊತ್ತು ಮೊಣಕಾಲಿನ ಎಣ್ಣೆಯ ವಿಷಯ ಮಾತಾಡಿದೆವು. ಆಮೇಲೆ ಅವನು, "ಈ ದೀದಿಗೆ ಯಾಕೆ ಬೇಕು ಅದು?" ಎಂದು ಸುಲೋಚನಾ ಕಡೆ ನೋಡಿದ.

ನಾನು ಬಾಯಿ ತೆರೆಯುವ ಮೊದಲು ಅವಳೇ ಹೇಳಿದಳು. "ನನ್ನ ಗಂಡ ನನ್ನ ಮೇಲೆ ಸುಳ್ಳು ಹೇಳಿದ. ಅದು ಸುಳ್ಳು ಅಂತ ನಿಮ್ಮ ಪುಸ್ತಕದಲ್ಲಿದೆ. ನಾಳೆ ತೋರಿಸದೇ ಇದ್ರೆ ನನ್ನ ಮನೆಗೆ ಮಕ್ಕಳು ಬರಲ್ಲ."

ಅವನು ಬೀಗದ ಗೊಂಚಲು ತೆಗೆದುಕೊಂಡು ಎದ್ದ. "ಚಲೋ. ಸ್ವಿಚ್ ಮುಟ್ಟಬೇಡಿ, ಶಾಕ್ ಹೊಡೆಯುತ್ತೆ" ಎಂದ.

ಹಾಳೆ ಇತ್ತು. ಹಳದಿಯಾಗಿತ್ತು, ಒಂದು ಮೂಲೆ ನೀರು ಕುಡಿದಿತ್ತು, ಆದರೆ ಎಲ್ಲ ಹಾಳೆಯೂ ಇತ್ತು. ಬಲ್ಬಿನ ಕೆಳಗೆ ನಿಂತು ತ್ರಿಪಾಠಿಯವರು ಇಂಗ್ಲಿಷ್ ಓದಿ ಹಿಂದಿಯಲ್ಲಿ ಹೇಳುತ್ತಾ ಹೋದರು. ಸುಲೋಚನಾ ತನ್ನ ಕೇಸನ್ನು ಪೂರ್ತಿ ಕೇಳಿದ್ದು ಅದೇ ಮೊದಲು. ಅವತ್ತು ವಕೀಲರು, "ಗೆದ್ದೆವು ಬೆಹನ್‌ಜಿ, ಮನೆಗೆ ಹೋಗಿ" ಎಂದಷ್ಟೇ ಹೇಳಿದ್ದರಂತೆ.

ಗಂಡನ ಕಡೆಯ ಸಾಕ್ಷಿ ಪಕ್ಕದ ಕ್ವಾರ್ಟರಿನವನು. ಅವನು ಕೋರ್ಟಿನಲ್ಲಿ ಹೇಳಿದ್ದು: ಗಂಡ ಇಲ್ಲದ ಹೊತ್ತಿನಲ್ಲಿ ಒಬ್ಬ ಯುವಕ ಮನೆಯಲ್ಲಿದ್ದ, ಇಬ್ಬರೂ ತನಗೆ ತಿಳಿಯದ ಭಾಷೆಯಲ್ಲಿ ಮಾತಾಡುತ್ತಿದ್ದರು, ಜೋರಾಗಿ ನಗುತ್ತಿದ್ದರು. ಅಷ್ಟೇ ಸಾಕ್ಷಿ. ಆ ಯುವಕ ಸುಲೋಚನಾಳ ಸೋದರಮಾವ, ಅವಳದೇ ವಯಸ್ಸಿನವನು, ಸರ್ಕಾರಿ ಪರೀಕ್ಷೆ ಬರೆಯಲು ದಾವಣಗೆರೆಯಿಂದ ಬಂದಿದ್ದ. ತನಗೆ ಅರ್ಥವಾಗದ ಮಾತಿಗೆ ಇನ್ನೊಬ್ಬರು ನಕ್ಕರು ಎಂಬುದರಿಂದ ಏನೂ ಸಾಬೀತಾಗುವುದಿಲ್ಲ, ನೆಂಟನೊಬ್ಬ ಬಂದು ಉಳಿದುಕೊಂಡದ್ದು ಪರಪುರುಷನ ಜೊತೆಗಿನ ಬದುಕಲ್ಲ ಎಂದು ಹೈಕೋರ್ಟು ಬರೆದಿತ್ತು.

"ಅವತ್ತು ಯಾಕೆ ನಕ್ಕಿದ್ದು ಗೊತ್ತಾ ಗಂಗಕ್ಕ?" ಎಂದಳು ಸುಲೋಚನಾ. "ಮಾಮನಿಗೆ ಹಿಂದಿ ಬರ್ತಿರಲಿಲ್ಲ. ಮೊಸರು ತಗೊಂಬಾ ಅಂತ ಕಳಿಸಿದ್ದೆ. ಅಂಗಡೀಲಿ ಹಸು ಹಾಗೆ ಅಂಬಾ ಅಂದು, ಕೈಯಲ್ಲಿ ಕಲಸಿದ ಹಾಗೆ ಮಾಡಿ ತೋರಿಸಿದ್ದಾನೆ. ಅವರು ಪಾಪ, ಬೆರಣಿ ಮಾರೋ ಹೆಂಗಸಿನ ಮನೆ ತೋರಿಸಿ ಕಳಿಸಿದ್ದಾರೆ. ಬೆರಣಿ ಹಿಡ್ಕೊಂಡು ಮನೆಗೆ ಬಂದ!"

ನಾನು ನಕ್ಕೆ. ಅವಳೂ ನಕ್ಕಳು. ಅಟೆಂಡೆಂಟ್ ಮತ್ತು ತ್ರಿಪಾಠಿ ಇಬ್ಬರೂ ಏನು ವಿಷಯ ಎಂಬಂತೆ ನೋಡುತ್ತಿದ್ದರು. ನಾವು ಹೇಳಲಿಲ್ಲ.

ಅದೇ ತೀರ್ಪಿನಲ್ಲಿ ಬೇಡದ್ದೂ ಇತ್ತು. ಅವಳು ಬಳೆ ಮಾರಿದ್ದು, ಪಕ್ಕದ ಮನೆಯವರ ಹತ್ತಿರ ಹಿಟ್ಟು ಕೇಳಿದ್ದು, ಗಂಡ ಅವಳ ಬಗ್ಗೆ ಹೇಳಿದ ಇನ್ನೂ ಕೆಲವು ಹೊಲಸು ಮಾತು. ಜೊತೆಗೆ, ಊರಿನಿಂದ ಬಂದ ನೆಂಟರನ್ನು ಅವಳು ಗಂಡನಿಗೆ ಮೊದಲೇ ತಿಳಿಸಿ ಕರೆಸಿಕೊಂಡಿದ್ದರೆ ಚೆನ್ನಾಗಿತ್ತು ಎಂದು ಜಡ್ಜು ಸಾಹೇಬರ ಒಂದು ಉಪದೇಶ. ತ್ರಿಪಾಠಿಯವರು, "ದೀದಿ, ಇದೆಲ್ಲ ಬೇಡ. ಕೊನೆಯ ಎರಡು ಪ್ಯಾರಾ ಮಾತ್ರ ಫೋಟೊ ತೆಗೆದು ಗುಂಪಿಗೆ ಹಾಕೋಣ" ಎಂದರು.

ಸುಲೋಚನಾ ಒಪ್ಪಲಿಲ್ಲ. "ಅವನು ಅರ್ಧ ತೋರಿಸಿದ. ನಾನೂ ಅರ್ಧ ತೋರಿಸಿದ್ರೆ ಇನ್ನರ್ಧದಲ್ಲಿ ಏನಿದೆ ಅಂತ ಹುಡುಕ್ತಾರೆ. ಹಾಕಿ, ಎಲ್ಲಾ ಹಾಕಿ."

"ಹಿಟ್ಟು ಕೇಳಿದ್ದೂ ಗೊತ್ತಾಗುತ್ತೆ" ಎಂದೆ ನಾನು.

"ಗೊತ್ತಾಗಲಿ. ಹಿಟ್ಟು ತಾನೇ ಕೇಳಿದ್ದು."

ಎಲ್ಲ ಹಾಳೆಯ ಕಾಪಿ ಮಾಡಿಸಿದೆವು, ಒಂದು ನಮ್ಮ ಲೈಬ್ರರಿಗೂ. ತ್ರಿಪಾಠಿಯವರು ಗಂಡನ ಮಾತಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಗಂಡ ಎಂದೂ, ಕೆಳಗಿನ ಕೋರ್ಟಿನ ಮಾತಿನ ಪಕ್ಕ ಕೆಳಗಿನ ಕೋರ್ಟು ಎಂದೂ, ಹೈಕೋರ್ಟಿನ ಮಾತಿನ ಪಕ್ಕ ಹೈಕೋರ್ಟು ಎಂದೂ ಹಿಂದಿಯಲ್ಲಿ ಬರೆದುಕೊಟ್ಟರು. ಚೈತ್ರಾ, ಕೇಸು ಓದಿಸುವಾಗ ಹಾಗೇ ಮಾಡು. ಹುಡುಗರಿಗೆ ಮೊದಲು ಯಾರ ಮಾತು ಯಾವುದು ಎಂದು ಪಕ್ಕದಲ್ಲಿ ಬರೆಸು. ಆಮೇಲೆ ಬೇಕಾದ್ದು ಓದಿಕೊಳ್ಳಲಿ.

ಭಾನುವಾರದ ಮೀಟಿಂಗಿಗೆ ನಾನು ಹೋಗಲಿಲ್ಲ. ಅದು ದೂರ, ಅಲ್ಲದೆ ನನ್ನ ಮನೆಯ ವಿಷಯವಲ್ಲ. ಸಂಜೆ ಸುಲೋಚನಾ ಫೋನು ಮಾಡಿದಳು. ಬೆಳಿಗ್ಗೆಯೇ ಎಲ್ಲ ಹಾಳೆ ಗುಂಪಿಗೆ ಹಾಕಿದ್ದಳು. ಮೀಟಿಂಗಿನಲ್ಲಿ ಎದ್ದು ನಿಂತು, ಪೆನ್ಸಿಲಿನ ಗುರುತು ನೋಡಿಕೊಂಡು, ಗಂಡ ಏನೆಂದ, ಕೋರ್ಟು ಏನೆಂದಿತು ಎಂದು ತನ್ನ ಹಿಂದಿಯಲ್ಲೇ ಹೇಳಿದಳಂತೆ.

"ಏನಂದ್ರು?"

"ಮೇಲಿನೋನು ಫೋನ್ ನೋಡ್ತಾ ಕೂತಿದ್ದ. ಇಷ್ಟುದ್ದ ಯಾರು ಓದ್ತಾರೆ ಆಂಟಿ ಅಂತ ಒಬ್ಬಳು ಅಂದಳು. ಸೆಕ್ರೆಟರಿ, ಈ ವಿಷಯ ಮುಂದಿನ ತಿಂಗಳು ನೋಡೋಣ ಅಂದ. ಆಮೇಲೆ ಪಾರ್ಕಿಂಗ್ ಜಗಳ ಶುರುವಾಯ್ತು."

"ಮಕ್ಕಳು?"

"ನಾಳೆ ಗೊತ್ತಾಗುತ್ತೆ."

ಸೋಮವಾರ ಯಾರೂ ಬರಲಿಲ್ಲ. ಮಂಗಳವಾರವೂ ಇಲ್ಲ. ತ್ರಿಪಾಠಿಯವರು ಅವಳ ಪರವಾಗಿ ಆ ಪುಕ್ಕಟೆ ಸೈಟಿನವರಿಗೆ ಬರೆದರು: ಹಾಕುವುದಾದರೆ ಪೂರ್ತಿ ಹಾಕಿ, ಇಲ್ಲವೇ ಹೆಸರು ಅಳಿಸಿ. ಕೋರ್ಟಿನ ಆದೇಶ ತಂದರೆ ಅಳಿಸುತ್ತೇವೆ ಎಂದು ಅವರು ಉತ್ತರಿಸಿದರು. ಅಂದರೆ ಮತ್ತೊಂದು ಕೇಸು, ಮತ್ತೆ ಅವಳ ಹೆಸರು. "ಒಂದು ಸಲ ಹೋಗಿ ಬಂದದ್ದು ಸಾಕು" ಎಂದಳಂತೆ ಸುಲೋಚನಾ. ಈಗಲೂ ಆ ಹೆಸರು ಹಾಕಿದರೆ ಮೊದಲು ಬರುವುದು ಅದೇ ತುಣುಕು. ಕೌಂಟರಿನಲ್ಲಿ ತ್ರಿಪಾಠಿಯವರು ಮಾತ್ರ ಬದಲಾದರು. ಯಾರಾದರೂ ಸುಲೋಚನಾ ಎರಡು ಕಾಪಿ ಎಂದರೆ, "ಸುಲೋಚನಾ ಅವರ ಕೇಸು ಅನ್ನಿ" ಎನ್ನುತ್ತಿದ್ದರು. ಹುಡುಗರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಆ ವಾರ ಕಳೆದ ಮೇಲೆ ಊಟದ ಬಿಡುವಿನಲ್ಲಿ ನಾನೇ ಅವಳಿಗೆ ಫೋನು ಮಾಡಿದೆ. ಬಹಳ ಹೊತ್ತು ಬಡಿದುಕೊಂಡಿತು. ಎತ್ತಿದಳು, ಮಾತು ಮಾತ್ರ ಇಲ್ಲ.

"ಸುಲೋಚನಾ, ಇದ್ದೀಯಾ? ಗಂಗಮ್ಮ ನಾನು."

"ಶ್!" ಎಂದಳು. ಪಿಸುಗುಟ್ಟುತ್ತಿದ್ದಳು. "ಮೆಲ್ಲಗೆ ಮಾತಾಡಿ ಗಂಗಕ್ಕ."

"ಯಾಕೆ?"

"ನೆಲಮಹಡಿ ಅಜ್ಜಿ ಮೊಮ್ಮಗನ್ನ ತಂದು ಬಿಟ್ಟು ಹೋಗಿದ್ದಾರೆ. ಅಂಗ್ರೇಜಿ ಕಾಗದ ನನಗೆ ತಿಳಿಯಲ್ಲ, ನೀನು ಬಿಸ್ಕತ್ತು ಜಾಸ್ತಿ ಕೊಡ್ತೀಯ, ಅದನ್ನ ಕಮ್ಮಿ ಮಾಡು ಅಂದ್ರು. ಈಗ ತಾನೇ ಮಲಗಿಸಿದೆ. ಫೋನ್ ಇಡಿ, ಎದ್ದುಬಿಡ್ತಾನೆ."

ಇಟ್ಟೆ.